ಸೂರಿನ ದೋಣಿಗೆ ಯಜಮಾನರು ಯಾರು ಸ್ವಾಮಿ?

ಕೃತ್ತಿಕೆ ಮಳೆಯ ಮೊದಲ ಅಬ್ಬರಕ್ಕೇ ನಮ್ಮ ಪೇಟೆಯ ಬಣ್ಣ ಬಯಲಾಗುತ್ತದೆ. ಬಸ್ಸಿಗೆ ಕಾದು ನಿಂತವರು ಓಡಿ ಅಂಗಡಿ ಸಾಲಿನ ಸೂರಿನಡಿ ಸೇರುತ್ತಾರೆ. ಸೂರಿನಡಿ ಮಳೆ ಇರಬಾರದು ತಾನೇ? ಇರುತ್ತದೆ. ಅದೂ ರಸ್ತೆಯ ಮಳೆಗಿಂತ ದಪ್ಪದ್ದು. ಮೇಲಿನ ತಗಡಿನ ದೋಣಿಯಲ್ಲಿ ಎಲೆ, ಕಡ್ಡಿ, ಕಾಗೆ ತಂದು ಹಾಕಿದ ಎಲುಬು, ಪ್ಲಾಸ್ಟಿಕ್ ಕೊಟ್ಟೆ ಎಲ್ಲಾ ಕಟ್ಟಿಕೊಂಡು, ನೀರು ಹೋಗಬೇಕಾದ ಕೊಳವೆ ಬಿಟ್ಟು ಅಂಚಿನ ಮೇಲೆ ಉಕ್ಕಿ, ನಿಂತವರ ಅಂಗಿಯ ಕಾಲರಿನೊಳಗೆ ನೇರವಾಗಿ ಇಳಿಯುತ್ತದೆ. ಕಚೇರಿ ಗುಮಾಸ್ತರು, ಶಾಲೆ ಮಕ್ಕಳು, ಹೂವಿನ ಬುಟ್ಟಿಯ ಅಮ್ಮ, ಎಲ್ಲರಿಗೂ ಸಮಪಾಲು. "ಸ್ವಲ್ಪ ಒಳಗೆ ನಿಂತ್ಕೊಳ್ಲಾ ಸಾಹುಕಾರ್ರೇ?" ಎಂದು ಕೇಳಿ ಒಳಗೆ ಕಾಲಿಟ್ಟರೆ, ಅಲ್ಲೂ ಬಕೆಟ್ಟು ಇಟ್ಟಿರುತ್ತಾರೆ!

"ಯಾಕ್ರೀ, ದೋಣಿ ತೆಗೆಸಿಲ್ವಾ?"

"ಅದು ನಮ್ದಲ್ರೀ, ಪಕ್ಕದವರ್ದು."

ಪಕ್ಕದವರನ್ನು ಕೇಳಿ. "ನಮ್ದೆಲ್ಲಿ? ನೀರೆಲ್ಲಾ ಬರೋದು ಅವರ ಮಾಡಿಂದ." ಇಬ್ಬರೂ ಸೇರಿ ತೋರಿಸುವುದು ಕಟ್ಟಡದ ಮಾಲೀಕರನ್ನು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಬಾಡಿಗೆ ವಸೂಲಿಗೆ ತಪ್ಪದೆ ಬರುವವರು ದೋಣಿಯ ಮಾತೆತ್ತಿದರೆ "ನೀವೇ ಮಾಡಿಸ್ಕೊಳ್ರಪ್ಪ" ಅನ್ನುತ್ತಾರೆ. ಹೀಗೆ ವರ್ಷಾನುವರ್ಷ ದೋಣಿ ಅನಾಥ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಯಾವ ಪೇಟೆಯ ಹಳೇ ಬೀದಿಗೆ ಬೇಕಾದರೂ ಹೋಗಿ ನೋಡಿ. ಒತ್ತೊತ್ತಾಗಿ ಹಂಚಿನ ಅಂಗಡಿಗಳು. ಎರಡು ಮಾಡುಗಳ ಇಳಿಜಾರು ಕೂಡುವ ಕಡೆ ನಡುವೆ ಒಂದು ತಗಡಿನ ದೋಣಿ. ಜಗಳವೆಲ್ಲಾ ಇದರದ್ದೇ. ಲೆಕ್ಕ ಬಲ್ಲ ವ್ಯಾಪಾರಸ್ಥರಿಗೆ ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. 20 ಅಡಿ ಅಗಲ, 30 ಅಡಿ ಉದ್ದದ ಅಂಗಡಿ ಅಂದರೆ 600 ಚದರ ಅಡಿ, ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಗುಂಬೆಯ ಮಾತು ಬಿಡಿ, ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲೂ ಜೋರು ಹಿಡಿದ ದಿನ ನೂರು ಮಿಲಿಮೀಟರ್ ಬಿತ್ತು ಅಂದುಕೊಳ್ಳಿ. ಒಂದು ಅಂಗಡಿ ಮಾಡಿನಿಂದ 5,600 ಲೀಟರ್. 200 ಲೀಟರಿನ ಡ್ರಮ್ಮು 28! ನಡುವಿನ ದೋಣಿಗೆ ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ. ನೀರು ಅರ್ಧರ್ಧ ಆದ ಮೇಲೆ ಖರ್ಚು ಮಾತ್ರ ಯಾಕೆ ಪೂರ್ತಿ ಪಕ್ಕದವರದ್ದು?

ಅಷ್ಟು ನೀರು ಮೂರು ನಾಲ್ಕು ಅಂಗುಲದ ಕೊಳವೆಯಲ್ಲಿ ಇಳಿಯಬೇಕು. ಅದರ ಬಾಯಿಗೆ ಒಂದು ಹಿಡಿ ಎಲೆ ಸಾಕು, ಕಥೆ ಮುಗಿಯಿತು. ದೋಣಿ ತುಂಬಿ, ನೀರು ಹಿಂದಕ್ಕೆ ಒತ್ತಿ, ಹಂಚಿನಡಿ ನುಗ್ಗಿ, ರೀಪು ಪಕಾಸಿ ನೆನೆಸಿ, ಗೋಡೆಯಗುಂಟ ಇಳಿಯುತ್ತದೆ. ಜವಳಿ ಅಂಗಡಿಯವರ ತಾನು, ದಿನಸಿಯವರ ಸಕ್ಕರೆ ಮೂಟೆ, ಪುಸ್ತಕದಂಗಡಿಯ ನೋಟ್‌ಬುಕ್ಕು ಹಾಳಾದ ಮೇಲೆ "ಹಂಚು ಸರಿ ಇಲ್ಲ" ಎಂದು ಹಂಚಿನವನನ್ನು ಕರೆಸುತ್ತಾರೆ. ಹಂಚು ಏನು ಮಾಡೀತು? ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದಿದ್ದು 1865ರಲ್ಲಿ. ಆ ಹಂಚು ತಲೆಮಾರುಗಟ್ಟಲೆ ಬಾಳಿದೆ. ಸೋರುವುದು ಬಹಳ ಸಲ ಹಂಚಲ್ಲ, ದೋಣಿ.

ಹಳ್ಳಿ ಮನೆಗಳಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆ ಕಟ್ಟುತ್ತಿದ್ದರು. ಒಂದೆರಡು ಮಳೆಗಾಲಕ್ಕೆ ಅದು ಲಡ್ಡಾಗುತ್ತಿತ್ತು. ಬದಲಾಯಿಸಲೇಬೇಕು, ಹಾಗಾಗಿ ಮನುಷ್ಯನ ಕೈ ಸೂರಿಗೆ ಮುಟ್ಟುತ್ತಿತ್ತು. ತಗಡಿನ ದೋಣಿ ಹತ್ತು ಹದಿನೈದು ವರ್ಷ ಬರುತ್ತದಲ್ಲ, ಅದೇ ತೊಂದರೆ. ಯಾರೂ ತಿರುಗಿ ನೋಡುವುದಿಲ್ಲ. ಒದ್ದೆ ಎಲೆ ಅಲ್ಲೇ ಕೊಳೆತು, ತಗಡಿಗೆ ತುಕ್ಕು ಹಿಡಿದು, ತೂತು ಬಿದ್ದ ಮೇಲೆ ಡಾಂಬರು ಬಳಿಯುವ ಶಾಸ್ತ್ರ. ಇನ್ನು ಕೆಲವು ಕಡೆ ದೋಣಿಯಲ್ಲಿ ಅರಳಿ ಸಸಿಯೇ ಎದ್ದಿರುತ್ತದೆ. ಹಕ್ಕಿ ಹಾಕಿದ ಬೀಜ. ಅರಳಿ ಕೀಳಬಾರದು ಎಂಬ ಭಯ ಭಕ್ತಿ ಇದ್ದವರು ಗೇಣುದ್ದ ಇರುವಾಗಲೇ ಬೇರು ಸಮೇತ ತೆಗೆದು ಕೆರೆ ದಂಡೆಯಲ್ಲಿ ನೆಡಲಿ, ಪುಣ್ಯ ಬರುತ್ತದೆ. ಬೇರು ಗೋಡೆಯೊಳಗೆ ಇಳಿದ ಮೇಲೆ ಪುಣ್ಯವೂ ಇಲ್ಲ, ಗೋಡೆಯೂ ಇಲ್ಲ.

ಈಗ ಮುಖ್ಯ ಮಾತು. ದೋಣಿಯ ನೆನಪು ನಮ್ಮವರಿಗೆ ಬರುವುದು ಯಾವಾಗ? ಗಲ್ಲಾಪೆಟ್ಟಿಗೆ ಮೇಲೆ ಹನಿ ಬಿದ್ದಾಗ. ಆಗ ಅಂಗಡಿ ಹುಡುಗನಿಗೆ ಹುಕುಂ: "ಹತ್ತೋ ಮೇಲೆ, ಏನಾಗಿದೆ ನೋಡು!" ಸುರಿಯುವ ಮಳೆ, ಪಾಚಿ ಹಿಡಿದ ಮಾಡು, ಕಾಲಲ್ಲಿ ಹವಾಯಿ ಚಪ್ಪಲಿ. ಹಿಂದೊಂದು ಮಳೆಗಾಲದಲ್ಲಿ ನಾನೇ ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಊರು, ಅಂಗಡಿ ಹೆಸರು ಬೇಡ. ಹಿಂಭಾಗಕ್ಕೆ ಸಿಮೆಂಟ್ ಶೀಟು ಹೊದಿಸಿದ ಗೋಡೌನು. ಹುಡುಗ ದೋಣಿಗೆ ಕೈ ಹಾಕಲು ಶೀಟಿನ ಮಧ್ಯಕ್ಕೆ ಹೆಜ್ಜೆ ಇಟ್ಟ. ಶೀಟು ಹಪ್ಪಳದಂತೆ ಮುರಿಯಿತು. ಕೆಳಗೆ ಹಿಂಡಿ ಮೂಟೆ ಇದ್ದವು, ಜೀವ ಉಳಿಯಿತು. ಬಲಗಾಲು ಮುರಿಯಿತು. ಹುಡುಗನ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಸಾಹುಕಾರರು ಕಳಿಸಿದ್ದು ಒಂದು ವಾರದ ಸಂಬಳ ಮತ್ತು ಒಂದು ಡಜನ್ ಬಾಳೆಹಣ್ಣು. ಮೇ ತಿಂಗಳಲ್ಲಿ ಇಬ್ಬರು ಆಳಿಗೆ ಅರ್ಧ ದಿನದ ಕೂಲಿ ಕೊಟ್ಟಿದ್ದರೆ ಮುಗಿಯುವ ಕೆಲಸ ಇದು!

ಹೇಗೆ ಮಾಡಿಸಬೇಕು ಅಂತೀರಾ? ದೊಡ್ಡ ಯಂತ್ರ ಏನೂ ಬೇಡ. ಮೃಗಶಿರ ಹಿಡಿಯುವ ಮುಂಚೆ, ಎರಡು ಮೂರು ದಿನ ಬಿಸಿಲು ಕಾದ ಮೇಲೆ ಬೆಳಿಗ್ಗೆ ಶುರು ಮಾಡಿ. ಒಣಗಿದ ಎಲೆ ಹಗುರ, ಒದ್ದೆಯಾದರೆ ಅದೇ ಕೆಸರು. ಏಣಿ ಗಟ್ಟಿ ಇರಲಿ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಹೊರಗೆ ಬರುವ ಹಾಗೆ ಓರೆ ಇಡಿ. ತುದಿ ಸೂರಿಗಿಂತ ಮೂರು ಅಡಿ ಮೇಲಿರಲಿ. ಏಣಿಯನ್ನು ದೋಣಿಗೆ ಮಾತ್ರ ಒರಗಿಸಬೇಡಿ, ದೋಣಿ ಬಗ್ಗಿ ಮನುಷ್ಯ ಬೀಳುತ್ತಾನೆ. ಪಕಾಸಿಯ ತುದಿಗೆ ಅಥವಾ ಗೋಡೆಗೆ ಒರಗಿಸಿ ಹಗ್ಗದಲ್ಲಿ ಕಟ್ಟಿ. ಕೆಳಗೊಬ್ಬ ಹಿಡಿದೇ ಇರಬೇಕು. ಅವನು ಬೀಡಿ ಹಚ್ಚಲು ಹೋಗಬಾರದು. ಕಂಬದಿಂದ ಅಂಗಡಿಗೆ ಬಂದ ಕರೆಂಟ್ ತಂತಿ ಎಲ್ಲಿದೆ ಎಂದು ಮೊದಲೇ ನೋಡಿ. ತಂತಿಯ ಹತ್ತಿರ ಅಲ್ಯೂಮಿನಿಯಂ ಏಣಿ ಒಯ್ಯಲೇಬೇಡಿ. ಹಸಿ ಬಿದಿರೂ ನಂಬಿಕೆಗೆ ಅರ್ಹವಲ್ಲ.

ಹತ್ತಿದವನು ಮೊದಲು ಮಾಡಬೇಕಾದ್ದು, ಕೊಳವೆಯ ಬಾಯಿಗೆ ಹಳೇ ಬಟ್ಟೆ ತುರುಕುವುದು. ಇಲ್ಲವಾದರೆ ಕಸವೆಲ್ಲಾ ಕೊಳವೆಗೇ ಇಳಿದು ಇದ್ದ ತೊಂದರೆ ಎರಡಾಗುತ್ತದೆ. ಇದನ್ನು ನೂರರಲ್ಲಿ ತೊಂಬತ್ತು ಜನ ಮರೆಯುತ್ತಾರೆ, ನಾನೂ ಮರೆತಿದ್ದೇನೆ. ಆಮೇಲೆ ಕಸ ಎತ್ತಲು ಗಾರೆಯವರ ಕರಣೆ ಆಗುತ್ತದೆ. ಆದರೆ ಚೂಪು ಅಂಚಿಗೆ ಹಳೇ ತಗಡು ತೂತಾದೀತು. ಅದಕ್ಕಿಂತ ಎಣ್ಣೆಯ ಪ್ಲಾಸ್ಟಿಕ್ ಕ್ಯಾನನ್ನು ಓರೆಯಾಗಿ ಕೊಯ್ದು ಮಾಡಿದ ಮೊಗೆ ಲೇಸು. ದೋಣಿಯ ಹೊಟ್ಟೆಗೆ ಸರಿಯಾಗಿ ಕೂರುತ್ತದೆ, ಕಾಸೂ ಖರ್ಚಿಲ್ಲ. ಬರಿಗೈ ಹಾಕಬೇಡಿ. ಕಣಜದ ಗೂಡು, ಚೇಳು, ಒಮ್ಮೊಮ್ಮೆ ಹಾವಿನ ಮರಿ ಕೂಡ ಇರುತ್ತವೆ. ಕೋಲಿನಿಂದ ತಟ್ಟಿ ಆಮೇಲೆ ಕೈ. ಕೈ ನಿಲುಕದ ಕಡೆ ಉದ್ದ ಬಿದಿರಿನ ಗಳುವಿಗೆ ತೆಂಗಿನ ಕಡ್ಡಿ ಪೊರಕೆಯನ್ನು ಅಡ್ಡಲಾಗಿ ಕಟ್ಟಿ ಎಳೆದರೆ ಸಾಕು. ಎರಡು ಹೆಜ್ಜೆ ಆಚೆ ಎಂದು ಏಣಿಯಿಂದ ಬಾಗಬೇಡಿ, ಇಳಿದು ಏಣಿ ಸರಿಸಿ. ಹಂಚಿನ ಮೇಲೆ ಹೋಗಲೇಬೇಕಾದರೆ ಹಲಗೆ ಹಾಸಿ. ಸಿಮೆಂಟ್ ಶೀಟಿನ ಮೇಲಂತೂ ಹಲಗೆ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ಕಸ ತೆಗೆದ ಮೇಲೆ ಕೊಳವೆಯ ಬಟ್ಟೆ ತೆಗೆದು, ಆ ತುದಿಯಿಂದ ಎರಡು ಕೊಡ ನೀರು ಹೊಯ್ದು ನೋಡಿ. ಕೆಳಗೆ ಗಳಗಳ ಬಂದರೆ ಸರಿ. ಬರದಿದ್ದರೆ ಕೊಳವೆ ಕಟ್ಟಿದೆ. ಕಬ್ಬಿಣದ ಸಲಾಕೆ ತೂರಿಸಿ ಪ್ಲಾಸ್ಟಿಕ್ ಕೊಳವೆಯ ಮೊಣಕೈ ಒಡೆಯುವವರೇ ಜಾಸ್ತಿ. ಬಾಗುವಂಥ ಬಿದಿರಿನ ದಬ್ಬೆ ಹಾಕಿ, ಅಥವಾ ಕೆಳಗಿನಿಂದ ನಲ್ಲಿಯ ಪೈಪು ಕೊಟ್ಟು ನೀರು ನುಗ್ಗಿಸಿ. ನೀರು ಮಧ್ಯದಲ್ಲೇ ನಿಂತರೆ ಕಸದ ದೋಷವಲ್ಲ, ದೋಣಿ ಜೋತುಬಿದ್ದಿದೆ, ಕೊಕ್ಕೆ ಎತ್ತರಿಸಬೇಕು.

ಮೇಲೆ ಜಾಲರಿ ಹೊದಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾವು, ಹಲಸಿನ ಎಲೆಗೆ ಜಾಲರಿ ಸರಿ. ಹುಣಸೆ, ಗುಲ್‌ಮೊಹರ್ ಎಲೆ ಜಾಲರಿಯ ಅಪ್ಪನ ಸಂದಿಯಲ್ಲೂ ನುಸುಳುತ್ತದೆ. ಆಗ ಕಸ ಒಳಗೆ, ಜಾಲರಿ ಮೇಲೆ, ತೆಗೆಯುವುದು ಇನ್ನೂ ಕಷ್ಟ. ಕೊಳವೆಯ ಬಾಯಿಗೆ ಮಾತ್ರ ತಂತಿಯ ಬುಟ್ಟಿ ಇಟ್ಟು, ಮರ ಹತ್ತಿರವಿದ್ದರೆ ಮಳೆಗಾಲದ ನಡುವೆ, ಆಷಾಢದಲ್ಲೊಮ್ಮೆ ಹೊಳವಾದ ದಿನ ನೋಡಿ ತೆಗೆಸುವುದೇ ದಾರಿ.

ತೆಗೆದ ಕಸವನ್ನು ಕೆಳಗಿನ ಚರಂಡಿಗೆ ನೂಕುವ ಮಹನೀಯರೂ ಇದ್ದಾರೆ. ಮೇಲಿನ ಕಟ್ಟು ಬಿಡಿಸಿ ಕೆಳಗೆ ಕಟ್ಟು ಹಾಕಿದಂತೆ. ಗೋಣಿಚೀಲಕ್ಕೆ ತುಂಬಿಸಿ ಸ್ವಾಮಿ. ಕೊಳೆತ ಎಲೆ ಮಣ್ಣನ್ನು ಹೂಕುಂಡ ಇಟ್ಟವರು ಕೇಳಿ ಒಯ್ಯುತ್ತಾರೆ.

ನೀರು ನಿಂತ ದೋಣಿ ಸೊಳ್ಳೆಗೂ ತವರುಮನೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವಷ್ಟರಲ್ಲಿ ಎಂಟು ಹತ್ತು ದಿನ ಸಾಕು. ಅಂಗಡಿ ಮುಂದಿನ ಹಳೇ ಟೈರು ತೆಗೆಸುವವರು ತಲೆ ಎತ್ತಿ ದೋಣಿ ನೋಡುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿದಾಗ, ಸೊಳ್ಳೆ ಹುಟ್ಟಲು ಬಿಟ್ಟ ಪಟ್ಟಣದ ಅಂಗಡಿಗೆ 1,000 ರೂಪಾಯಿ, ಮನೆಗೆ 400 ರೂಪಾಯಿ ದಂಡ ಗೊತ್ತುಮಾಡಿತ್ತು. ಆಳಿನ ಕೂಲಿಗೆ ಚೌಕಾಸಿ ಮಾಡುವವರು ಈ ಅಂಕಿಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಸಾಲಿನ ಹತ್ತು ಅಂಗಡಿಯವರು ಒಂದು ದಿನ ಗೊತ್ತುಮಾಡಿ, ಒಂದೇ ಏಣಿ, ಅದೇ ಇಬ್ಬರು ಆಳಿನಿಂದ ಈ ತುದಿಯಿಂದ ಆ ತುದಿಯವರೆಗೆ ತೆಗೆಸಿ, ಖರ್ಚು ಹತ್ತು ಭಾಗ ಮಾಡಿದರೆ ತಲೆಗೆ ಬರುವುದು ಎಷ್ಟು? ಗಣಪತಿ ಚಂದಾಕ್ಕಿಂತ ಕಡಿಮೆ. "ನಿಮ್ದೋ ನಮ್ದೋ" ಎಂಬ ಪಂಚಾಯಿತಿಯೂ ಇರುವುದಿಲ್ಲ. ಮಾಲೀಕರು ಬಾಡಿಗೆಗೆ ಬಂದಾಗ ರಸೀತಿ ಜೊತೆ ಆ ಚೀಟಿಯನ್ನೂ ಮುಂದಿಡಿ.

ಬರೀ ಉಪದೇಶ ಎನ್ನಬೇಡಿ. ನಮ್ಮ ಮನೆಯ ದೋಣಿ ಕಳೆದ ಭಾನುವಾರ ತೆಗೆಸಿದ್ದಾಯಿತು. ಸಿಕ್ಕಿದ್ದು ಎರಡು ಗೋಣಿಚೀಲ ಎಲೆ, ಮಂಗ ಒಡೆದ ಹಂಚಿನ ಚೂರು, ಪಕ್ಕದ ಮನೆಯ ಒಂದು ಸ್ಟೀಲ್ ಚಮಚ ಮತ್ತು ಮೂರು ಟೆನಿಸ್ ಚೆಂಡು. ಚಮಚ ವಾಪಸ್ಸು ಕೊಟ್ಟಿದ್ದೇವೆ. ಚೆಂಡಿನ ವಾರಸುದಾರರು ಸಂಜೆ ಐದರ ಮೇಲೆ ಬಂದು ಒಯ್ಯಬಹುದು.