ಸಮಾಧಿಯ ಮುಂದೆ ತಲೆಬಾಗಿದ ನಂತರ

ಇಂಗ್ಲೆಂಡಿನ ಶಾಲೆಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಒಮ್ಮೆ ಬೆಲ್ಜಿಯಂನ ಈಪರ್ ಪಟ್ಟಣಕ್ಕೋ ಫ್ರಾನ್ಸಿನ ಸೊಮ್ ನದಿಯ ಬಯಲಿಗೋ ಹೋಗಿಬರುತ್ತಾರೆ. ಮೊದಲ ಮಹಾಯುದ್ಧದ ಶತಮಾನದ ಅಂಗವಾಗಿ, 2014ರಿಂದ ಕೆಲವು ವರ್ಷ, ಪ್ರತಿ ಸರ್ಕಾರಿ ಮಾಧ್ಯಮಿಕ ಶಾಲೆಯಿಂದ ಇಬ್ಬರು ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಅಲ್ಲಿಗೆ ಕಳುಹಿಸುವ ಸರ್ಕಾರಿ ಯೋಜನೆಯೇ ಇತ್ತು. ಆ ಯೋಜನೆ ಮುಗಿದ ಮೇಲೂ ಪ್ರವಾಸಗಳು ನಿಂತಿಲ್ಲ. ಈಪರ್‌ನ ಮೆನಿನ್ ದ್ವಾರದ ಗೋಡೆಗಳ ಮೇಲೆ, ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಪ್ರತಿದಿನ ರಾತ್ರಿ ಎಂಟು ಗಂಟೆಗೆ ಅಲ್ಲಿ ಕಹಳೆ ಊದುತ್ತಾರೆ. ಮಕ್ಕಳು ಕೆಂಪು ಗಸಗಸೆ ಹೂವಿನ ಮಾಲೆಯಿಟ್ಟು ಮೌನವಾಗಿ ನಿಲ್ಲುತ್ತಾರೆ. ಕೆಲವು ಶಾಲೆಗಳು ಸ್ಥಳೀಯ ವಿದ್ಯಾರ್ಥಿಗಳೊಂದಿಗೆ ಒಂದು ಭೇಟಿಯನ್ನೂ ಏರ್ಪಡಿಸುತ್ತವೆ.

ಇಂಥ ಪ್ರವಾಸಗಳು ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹತ್ತೊಂಬತ್ತು ವರ್ಷದ ಹುಡುಗನ ಸಮಾಧಿಕಲ್ಲಿನ ಎದುರು ಹದಿನಾಲ್ಕರ ಹುಡುಗಿಯೊಬ್ಬಳು ನಿಂತಾಗ ಅವಳಿಗೆ ಆಗುವ ಅರಿವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ನನ್ನ ಆಕ್ಷೇಪವಿರುವುದು ಪ್ರವಾಸ ಆ ಮೌನದಲ್ಲೇ ಮುಗಿದುಹೋಗುವುದರ ಬಗ್ಗೆ. ಈ ಹುಡುಗ ಏಕೆ ಸತ್ತ, ಅವನನ್ನು ಇಲ್ಲಿಗೆ ಕಳುಹಿಸಿದವರು ಯಾರು, ಅದರಿಂದ ಯಾರಿಗೆ ಏನು ದೊರಕಿತು ಎಂದು ಕೇಳಲು ಆ ಕಾರ್ಯಕ್ರಮದಲ್ಲಿ ಎಡೆಯೇ ಇಲ್ಲದಿದ್ದರೆ, ಸ್ಮರಣೆ ಮೆಲ್ಲನೆ ಮುಂದಿನ ಯುದ್ಧಕ್ಕೆ ಮನಸ್ಸನ್ನು ಹದಗೊಳಿಸುವ ಕೆಲಸವಾಗುತ್ತದೆ.

ನಮ್ಮ ನಾಡಿನ ವೀರಗಲ್ಲುಗಳನ್ನು ನೆನೆಯಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಅನೇಕ ಕಲ್ಲುಗಳ ಶಾಸನ ಅವನು ತುರುಗೋಳಿನಲ್ಲಿ ಸತ್ತನೋ, ಊರಳಿವಿನಲ್ಲಿ ಸತ್ತನೋ, ಯಾವ ಒಡೆಯನಿಗಾಗಿ ಸತ್ತನೋ ಎಂಬುದನ್ನು ಹೇಳುತ್ತದೆ. ಸ್ವರ್ಗದ ಆಸೆ ತೋರಿಸುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿರಲಿಲ್ಲ, ನಿಜ. ಆದರೂ ಸಾವಿನ ಕಾರಣ ಕಲ್ಲಿನ ಮೇಲೆ ಉಳಿಯಿತು. ಇಂದಿನ ಸ್ಮರಣೆಯ ಸಮಾರಂಭಗಳಲ್ಲಿ ಮೇಲಿನ ಪಟ್ಟಿಕೆಯಷ್ಟೇ ಕಾಣುತ್ತದೆ.

ಈಪರ್‌ನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ ಫ್ರಾನ್ಸಿನ ನವ್ ಶಾಪೆಲ್ ಎಂಬ ಹಳ್ಳಿಯಿದೆ. 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ಅಲ್ಲಿನ ಕದನದಲ್ಲಿ ದಾಳಿಯಿಟ್ಟ ಸೈನ್ಯದ ಅರ್ಧದಷ್ಟು ಭಾರತೀಯ ದಳದ್ದಾಗಿತ್ತು. ಹರ್ಬರ್ಟ್ ಬೇಕರ್ ರೂಪಿಸಿದ, 1927ರಲ್ಲಿ ಅನಾವರಣಗೊಂಡ ಅಲ್ಲಿನ ವೃತ್ತಾಕಾರದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಕಂಬದ ತುದಿಯಲ್ಲಿ ಕಮಲವಿದೆ, ಕಮಲದ ಮೇಲೆ ಸಾಮ್ರಾಜ್ಯದ ಕಿರೀಟವಿದೆ. ಆ ಕಿರೀಟವೇ ಒಂದು ಪಾಠ. ತಿಂಗಳಿಗೆ 11 ರೂಪಾಯಿ ಸಂಬಳದ ಆ ರೈತರ ಮಕ್ಕಳಿಗೆ ತಮ್ಮ ದೇಶದ ಆಡಳಿತದಲ್ಲಿ ಯಾವ ಮಾತೂ ಇರಲಿಲ್ಲ. ಅವರು ಊರಿಗೆ ಬರೆಸಿದ ಪತ್ರಗಳನ್ನು ಸೈನ್ಯದ ಪರೀಕ್ಷಕರು ಓದಿ, ಅನುವಾದಿಸಿ ವರದಿ ಮಾಡುತ್ತಿದ್ದರು. ಆ ಅನುವಾದಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯುದ್ಧ ಮುಗಿದ ಮರುವರ್ಷವೇ, 1919ರಲ್ಲಿ, ಹೆಚ್ಚು ಸೈನಿಕರನ್ನು ಕೊಟ್ಟ ಪಂಜಾಬಿಗೆ ಸಿಕ್ಕ ಪ್ರತಿಫಲ ರೌಲಟ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್. ಇವೆರಡನ್ನೂ ಒಂದೇ ಪಾಠದಲ್ಲಿ ಕಲಿಸುವ ಶಾಲೆ ಎಷ್ಟಿವೆ?

ಸತ್ತವರನ್ನು ನೆನೆಯುವುದರಲ್ಲೂ ಸಮಾನತೆ ಇರಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಸಾಮಾನ್ಯ ಸಿಪಾಯಿಗಳನ್ನು ಅವರವರ ರೆಜಿಮೆಂಟಿನ ಕೆಳಗೆ ಸಂಖ್ಯೆಯಾಗಿ ಮಾತ್ರ ನಮೂದಿಸಿದರು. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ 2021ರ ವರದಿಯೇ ಒಪ್ಪಿಕೊಂಡಂತೆ, ಆಫ್ರಿಕ ಮತ್ತು ಏಷ್ಯಾದ ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಮಂದಿಯನ್ನು ಹೆಸರಿನಿಂದ ಸ್ಮರಿಸಲೇ ಇಲ್ಲ. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು.

ಇಲ್ಲಿ ನಮ್ಮವರ ಕಡೆಗೂ ತಿರುಗಬೇಕು. ವಲಸಿಗ ಭಾರತೀಯರ ಬೇಡಿಕೆ ಬಹಳ ಸಲ 'ನಮ್ಮವರೂ ಹೋರಾಡಿದರು, ನಮಗೂ ಪಾಲು ಕೊಡಿ' ಎಂಬಲ್ಲಿಗೆ ನಿಂತುಬಿಡುತ್ತದೆ. ಈ ನೆಲದಲ್ಲಿ ನಮ್ಮ ಮಕ್ಕಳಿಗೆ ಹಕ್ಕಿದೆ ಎನ್ನಲು ನೂರು ವರ್ಷದ ಹಿಂದೆ ಯಾರೋ ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಟ್ಟಿರಬೇಕೆ? ಮೈಸೂರು ಲ್ಯಾನ್ಸರ್ಸ್ ಕಥೆಯನ್ನೇ ನೋಡಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಂದಿಗೆ ಸೇರಿ ಅವರು ಆಟೊಮನ್ ಸೈನ್ಯದಿಂದ ಹೈಫಾ ನಗರವನ್ನು ವಶಪಡಿಸಿಕೊಂಡರು. ಭರ್ಜಿ ಹಿಡಿದು ತೋಪು, ಮೆಷಿನ್‌ಗನ್ನುಗಳಿಗೆ ಎದುರಾದ ಆ ಸವಾರರ ಧೈರ್ಯ ದೊಡ್ಡದು. ಆದರೆ ಅವರು ಗೆದ್ದದ್ದು ಬ್ರಿಟಿಷರ ಆಳ್ವಿಕೆಗಾಗಿ. ಆ ನೆಲದ ಅರಬರಿಗೆ ಮುಂದೆ ಏನಾಯಿತು ಎಂಬುದು ಇಂದಿಗೂ ಮುಗಿಯದ ದುಃಖ. 2018ರ ಜನವರಿಯಲ್ಲಿ ನೆತನ್ಯಾಹು ದೆಹಲಿಗೆ ಬಂದಾಗ ತೀನ್ ಮೂರ್ತಿ ವೃತ್ತದ ಹೆಸರಿಗೆ ಹೈಫಾ ಸೇರಿತು. ಸತ್ತ ಸವಾರರು ಎರಡು ಸರ್ಕಾರಗಳ ಗೆಳೆತನಕ್ಕೆ ಮುದ್ರೆಯಾದರು. ಬ್ರಿಟಿಷ್ ಸ್ಮರಣೆಯ ಕುರುಡನ್ನು ಟೀಕಿಸುವ ನಾವು ನಮ್ಮ ಹೆಮ್ಮೆಯ ಕುರುಡನ್ನು ಮನ್ನಿಸಲಾಗದು.

ಇಡೀ ಪ್ರವಾಸದಲ್ಲಿ ನಿಜವಾದ ಕಲಿಕೆಗೆ ಅವಕಾಶವಿರುವುದು ಸ್ಥಳೀಯ ಮಕ್ಕಳ ಭೇಟಿಯಲ್ಲಿ. ಅದು ಉಡುಗೊರೆ ವಿನಿಮಯಕ್ಕೂ ಒಂದು ಫುಟ್ಬಾಲ್ ಪಂದ್ಯಕ್ಕೂ ಮೀಸಲಾಗುವುದೇ ಹೆಚ್ಚು. ಫ್ಲಾಂಡರ್ಸಿನ ಮಕ್ಕಳಿಗೆ ಹೇಳಲು ಬಹಳವಿದೆ. ಫ್ರೆಂಚ್ ಮಾತನಾಡುವ ಅಧಿಕಾರಿಗಳ ಕೈಕೆಳಗೆ ತಮ್ಮ ಭಾಷೆಗೆ ಮನ್ನಣೆಯಿರಲಿಲ್ಲ ಎಂಬ ಫ್ಲೆಮಿಷ್ ಸೈನಿಕರ ಅಳಲು ಅಲ್ಲಿ ಒಂದು ಭಾಷಾ ಚಳವಳಿಗೆ ಬಲ ಕೊಟ್ಟಿತು. ಡಿಕ್ಸ್‌ಮೌಡೆಯ ಐಸರ್ ಗೋಪುರದ ಮೇಲೆ 'ಇನ್ನೆಂದೂ ಯುದ್ಧ ಬೇಡ' ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದೆ. ಕನ್ನಡದ ಮಕ್ಕಳಿಗೆ ಈ ಕಥೆ ಬೇಗ ಅರ್ಥವಾದೀತು.

ಇನ್ನೊಂದು ಸಂಗತಿ ಎಲ್ಲ ಮಕ್ಕಳಿಗೂ ಅರ್ಥವಾಗಬೇಕು. 1914ರಲ್ಲಿ ಜರ್ಮನ್ ಸೈನ್ಯ ನುಗ್ಗಿದಾಗ ಸುಮಾರು 2,50,000 ಬೆಲ್ಜಿಯನ್ನರು ಕಡಲು ದಾಟಿ ಬ್ರಿಟನ್ನಿಗೆ ಬಂದರು. ಊರೂರುಗಳಲ್ಲಿ ಸಮಿತಿಗಳು ಹುಟ್ಟಿ ಅವರಿಗೆ ಮನೆ, ಬಟ್ಟೆ ಒದಗಿಸಿದವು. ಯುದ್ಧ ಮುಗಿದೊಡನೆ ಅವರನ್ನು ಹಿಂದಕ್ಕೆ ಕಳುಹಿಸುವ ಅವಸರವೂ ಇತ್ತು. ಇಂದು ಅದೇ ಕಾಲುವೆಯನ್ನು ರಬ್ಬರ್ ದೋಣಿಗಳಲ್ಲಿ ದಾಟುವವರಲ್ಲಿ ಅನೇಕರು ಸುದಾನ್, ಅಫ್ಘಾನಿಸ್ತಾನ, ಸಿರಿಯಾಗಳ ಯುದ್ಧಗಳಿಂದ ಓಡಿಬಂದವರು. ಸಮಾಧಿಗಳಿಗೆ ಹೂವಿಡಲು ಹೊರಟ ಶಾಲಾ ಬಸ್ಸು ಅದೇ ನೀರನ್ನು ದಾಟುತ್ತದೆ. ಬೆಲ್ಜಿಯಂನ ಮಗುವೊಂದು 'ನಮ್ಮ ಮುತ್ತಜ್ಜಿಯೂ ನಿಮ್ಮೂರಿಗೆ ನಿರಾಶ್ರಿತಳಾಗಿ ಬಂದಿದ್ದಳು' ಎಂದರೆ, ಆ ಮಾತು ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಪೋಷಕರಾಗಿ ನಾವು ಶಾಲೆಗಳನ್ನು ಕೇಳಬಹುದಾದದ್ದು ದೊಡ್ಡದೇನಲ್ಲ. ನವ್ ಶಾಪೆಲ್‌ಗೆ ಅರ್ಧ ದಿನ ಕೊಡಿ. 44,000ಕ್ಕೂ ಹೆಚ್ಚು ಜರ್ಮನರು ಮಲಗಿರುವ ಲಾಂಗೆಮಾರ್ಕ್ ಸ್ಮಶಾನಕ್ಕೂ ಕರೆದೊಯ್ಯಿರಿ. 'ಹೇಡಿತನ', ಪಲಾಯನ ಮೊದಲಾದ ಆರೋಪಗಳ ಮೇಲೆ ತಮ್ಮದೇ ಸೈನ್ಯದ ಗುಂಡಿಗೆ ಬಲಿಯಾಗಿ, 2006ರಲ್ಲಷ್ಟೇ ಕ್ಷಮೆ ಪಡೆದ 306 ಸೈನಿಕರ ಬಗ್ಗೆ ಹೇಳಿ. ಹೊರಡುವ ಮುನ್ನ ಸಿಪಾಯಿಗಳ ಪತ್ರಗಳನ್ನು ಓದಿಸಿ. ಅಲ್ಲಿನ ಮಕ್ಕಳೊಂದಿಗೆ ಒಂದಿಡೀ ಮಧ್ಯಾಹ್ನ ಕೂತು ಮಾತನಾಡಲು ಬಿಡಿ. ಇದರಿಂದ ಸತ್ತವರಿಗೆ ಅಗೌರವವಾಗುವುದಿಲ್ಲ. ತಾವು ಏಕೆ ಸಾಯುತ್ತಿದ್ದೇವೆ ಎಂದು ಕೇಳುವ ಅವಕಾಶ ಆ ಹುಡುಗರಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ನಮ್ಮ ಮಕ್ಕಳಿಗೆ ಆ ಅವಕಾಶವಿದೆ. ಅದನ್ನು ಬಳಸಲು ಅವರಿಗೆ ಕಲಿಸುವುದು ನಮ್ಮ ಹೊಣೆ.