ಪುಂಡರು ಅನ್ನುವ ಮೊದಲು ಒಂದು ಮಣ್ಣಿನ ಮೈದಾನ ಕೊಡಿ

ಜಿಲ್ಲಾ ಪುಟ ಓದುವವರಿಗೆ ಈ ತಲೆಬರಹ ಬಾಯಿಪಾಠವಾಗಿರುತ್ತದೆ: ‘ಬೈಕ್ ಸ್ಟಂಟ್: ಪುಂಡರಿಗೆ ಬಿಸಿ ಮುಟ್ಟಿಸಿದ ಪೊಲೀಸರು’. ಜತೆಗೊಂದು ಫೋಟೊ. ಠಾಣೆಯ ಮುಂದೆ ಸಾಲಾಗಿ ನಿಂತ ಬೈಕುಗಳು, ಅವುಗಳ ಹಿಂದೆ ತಲೆ ತಗ್ಗಿಸಿದ ಹುಡುಗರು. ದಂಡ ಎಷ್ಟು, ಕಲಂ ಯಾವುದು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಹುಡುಗರು ಅದನ್ನು ಎಲ್ಲಿ ಕಲಿತರು, ಬೇರೆಲ್ಲಾದರೂ ಕಲಿಯಲು ಜಾಗ ಇತ್ತೇ ಎಂದು ಯಾವ ವರದಿಯೂ ಕೇಳುವುದಿಲ್ಲ.

ಮುಂದಿನ ಗಾಲಿ ಎತ್ತಿ ಓಡಿಸುವ ವೀಲಿಂಗ್ ಬಗ್ಗೆ ಇಲ್ಲಿ ವಕಾಲತ್ತು ಇಲ್ಲ. ಹೇಳಬೇಕಿರುವುದು ಇನ್ನೊಂದು ವಿದ್ಯೆಯ ಬಗ್ಗೆ. ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸಿ, ಜಾರುತ್ತಿರುವ ಗಾಡಿಯನ್ನು ಹತೋಟಿಯಲ್ಲಿಟ್ಟುಕೊಂಡು ತಿರುವು ದಾಟಿಸುವುದು. ಹುಡುಗರು ಇದಕ್ಕೆ ಡ್ರಿಫ್ಟ್ ಅಂತಲೋ ಸ್ಲೈಡ್ ಅಂತಲೋ ಹೇಳುತ್ತಾರೆ. ಠಾಣೆಯ ಕಡತದಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ಎರಡೂ ಒಂದೇ ಪುಂಡಾಟ. ವಾದ ಇಷ್ಟೇ: ಈ ವಿದ್ಯೆ ತಪ್ಪಲ್ಲ, ಅದನ್ನು ರಸ್ತೆಯ ಮೇಲೆ ಮಾಡುವುದು ತಪ್ಪು. ರಸ್ತೆ ಬಿಟ್ಟರೆ ಬೇರೆ ಜಾಗವನ್ನೇ ಕೊಡದೆ ಬರೀ ದಂಡ ಹಾಕುವುದು ಇನ್ನೂ ದೊಡ್ಡ ತಪ್ಪು.

ನಮ್ಮ ಜಿಲ್ಲೆಯದೇ ಪ್ರಕರಣ ನೋಡಿ. 2024ರ ಅಕ್ಟೋಬರಿನಲ್ಲಿ ಗಂಗಾವತಿ ಬಳಿ ವೀಲಿಂಗ್ ತಡೆಯಲು ಹೋದ ಪೊಲೀಸರ ಮೇಲೇ ಹಲ್ಲೆ ನಡೆಯಿತು ಎಂಬ ಆರೋಪದ ಪ್ರಕರಣ ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋಯಿತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ಜಾಮೀನು ನಿರಾಕರಿಸಿದರು. ದೊಡ್ಡ ನಗರಗಳ ಹೊರವಲಯದಲ್ಲಿದ್ದ ಈ ಪಿಡುಗು ಈಗ ಹಳ್ಳಿಗಾಡಿಗೂ ಹಬ್ಬಿದೆ, ಇರುವ ಕಾನೂನು ಸಾಲದು, ಕಠಿಣ ನಿಯಮ ತನ್ನಿ ಎಂದು ಸರ್ಕಾರಕ್ಕೆ ಹೇಳಿದರು. ಪೊಲೀಸರ ಮೇಲೆ ಕೈ ಮಾಡಿದ್ದು ಸಾಬೀತಾದರೆ ಶಿಕ್ಷೆ ಆಗಲಿ, ತಕರಾರಿಲ್ಲ. ಆದರೆ ಕಠಿಣ ಕಾನೂನು ಈಗಲೂ ಇದೆ. 2019ರ ತಿದ್ದುಪಡಿಯಿಂದ ಬಂದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟಾದರೂ ನಿಂತಿಲ್ಲ ಎಂದಮೇಲೆ ಬೆತ್ತ ಇನ್ನಷ್ಟು ಉದ್ದ ಮಾಡುವುದೊಂದೇ ದಾರಿಯೇ?

ಇದೇ ವಿದ್ಯೆಯನ್ನು ಹಣ ಕಟ್ಟಿ, ರಶೀದಿ ಪಡೆದು, ಗೌರವದಿಂದ ಕಲಿಯುವ ಜಾಗವೂ ಕರ್ನಾಟಕದಲ್ಲಿದೆ. 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ‘ಬಿಗ್‌ರಾಕ್’ ಎಂಬ ಮಣ್ಣಿನ ಮೈದಾನ ಕಟ್ಟಿದ್ದಾರೆ. ರಾಯಲ್ ಎನ್‌ಫೀಲ್ಡ್ ಕಂಪನಿ 2021ರಲ್ಲಿ ಶುರು ಮಾಡಿದ ‘ಸ್ಲೈಡ್ ಸ್ಕೂಲ್’ ನಡೆದದ್ದು ಅಲ್ಲೇ. ಹೆಸರೇ ಹೇಳುವಂತೆ ಅಲ್ಲಿ ಕಲಿಸುವುದು ಹಿಂದಿನ ಗಾಲಿ ಜಾರಿಸುವುದನ್ನೇ. ಅಲ್ಲಿ ಜಾರಿಸಿದವರು ಸವಾರರು, ಕುಕನೂರಿನ ರಸ್ತೆಯಲ್ಲಿ ಜಾರಿಸಿದವರು ಪುಂಡರು. ಇಬ್ಬರ ನಡುವೆ ಇರುವುದು ಒಂದು ಮೈದಾನ, ಒಂದು ಹೆಲ್ಮೆಟ್, ಒಬ್ಬ ಗುರು. ಈ ಮೂರನ್ನೂ ಹೊಂದಿಸಲು ನಮ್ಮ ಹುಡುಗರು ರಾಜ್ಯದ ಆ ತುದಿಗೇ ಹೋಗಬೇಕೆ?

ಆ ಗುರು ಹೇಳಿಕೊಡುವುದಾದರೂ ಏನು? ಸಡಿಲ ಮಣ್ಣಿನ ಮೇಲೆ ನಿಧಾನಕ್ಕೆ ಎಡಕ್ಕೆ ಸುತ್ತು ಹಾಕಬೇಕು. ಗಾಡಿ ಒಳಕ್ಕೆ ಬಾಗಬೇಕು, ಸವಾರ ನೆಟ್ಟಗಿರಬೇಕು. ಭಾರ ಬಲಗಾಲಿನ ಫುಟ್‌ರೆಸ್ಟ್ ಮೇಲೆ, ಎಡಗಾಲು ನೆಲ ಸವರುತ್ತಿರಬೇಕು. ಎಕ್ಸಲೇಟರ್ ತುಸು ಕೊಟ್ಟರೆ ಹಿಂದಿನ ಗಾಲಿ ಹೊರಕ್ಕೆ ಜಾರುತ್ತದೆ. ಆಗ ಹ್ಯಾಂಡಲ್ಲನ್ನು ಗಾಲಿ ಜಾರಿದ ಕಡೆಗೇ ತಿರುಗಿಸಬೇಕು. ಗಾಬರಿಯಾಗಿ ಎಕ್ಸಲೇಟರ್ ಒಮ್ಮೆಲೇ ಬಿಟ್ಟಿರೋ, ಗಾಲಿಗೆ ಥಟ್ಟನೆ ಹಿಡಿತ ಸಿಕ್ಕು ಗಾಡಿ ನಿಮ್ಮನ್ನು ಎತ್ತಿ ಒಗೆಯುತ್ತದೆ. ಬೂಟು, ಮೊಣಕಾಲು ಕವಚ ಹಾಕಿಕೊಂಡು ಮಣ್ಣಿನ ಮೇಲೆ ನಿಧಾನಕ್ಕೆ ಬಿದ್ದರೆ ಅದು ಎದ್ದು ಮತ್ತೆ ಹತ್ತಬಹುದಾದ ಪಾಠ. ಎದುರಿಗೆ ಲಾರಿ ಬರುವ ಡಾಂಬರಿನ ಮೇಲೆ ಎರಡನೇ ಅವಕಾಶ ಸಿಗುವುದಿಲ್ಲ.

‘ಇದೆಲ್ಲ ಶೋಕಿ, ರೈತಾಪಿ ಜನಕ್ಕೆ ಯಾಕೆ ಬೇಕು’ ಅನ್ನುವವರು ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗೆ ಬನ್ನಿ. ಕಣ ಮಾಡುವ ಕಾಲ ಹೋಯಿತು. ಹುರುಳಿ, ಸಜ್ಜೆ ಎಲ್ಲ ರಸ್ತೆಯ ಮೇಲೇ ಹರವಿ ಬಸ್ಸು ಲಾರಿಗಳ ಗಾಲಿಯಲ್ಲೇ ಒಕ್ಕಣೆ. ಮಳೆಗಾಲದಲ್ಲಿ ಎರಿ ಹೊಲದಿಂದ ಟ್ರ್ಯಾಕ್ಟರ್ ಎಳೆದು ತಂದ ರಾಡಿ. ಗಂಗಾವತಿ ಕಡೆ ಹೋದರೆ ಗದ್ದೆಯ ಕೆಸರು. ಇಲ್ಲಿ ಹಿಂದಿನ ಗಾಲಿ ಜಾರಲು ಯಾರೂ ಸ್ಟಂಟ್ ಮಾಡಬೇಕಿಲ್ಲ. ಸಂತೆ ಮುಗಿಸಿ ಹೆಂಡತಿ, ಕೂಸನ್ನು ಕೂರಿಸಿಕೊಂಡು ಹೊರಟವನ ಗಾಲಿಯೂ ಜಾರುತ್ತದೆ. ಆತ ಕಲಿತ ಪಾಠ ಒಂದೇ: ‘ಮುಂದಿನ ಬ್ರೇಕ್ ಹಿಡೀಬ್ಯಾಡೋ ತಮ್ಮಾ, ಮುಗ್ಗರಿಸಿ ಬೀಳ್ತಿ.’ ಹಾಗಾಗಿ ಹಿಂದಿನ ಬ್ರೇಕನ್ನು ಬಲವಾಗಿ ತುಳಿಯುತ್ತಾನೆ. ಬ್ರೇಕ್ ಬಿದ್ದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿ ತಿರುಗುವುದನ್ನು ಬಿಟ್ಟು ಜಾರುತ್ತದೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯವಾಯಿತು. ಹಳ್ಳಿಗಳಲ್ಲಿ ಓಡುತ್ತಿರುವ ಹಳೆಯ 100 ಸಿಸಿ ಗಾಡಿಗಳಿಗೆ ಆ ರಕ್ಷಣೆ ಇಲ್ಲ. ಲೈಸೆನ್ಸ್ ಪರೀಕ್ಷೆ ಏನು ಕೇಳುತ್ತದೆ? ಕಾಲು ಊರದೆ ‘8’ ಹಾಕು. ಗಾಲಿ ಜಾರಿದಾಗ ಏನು ಮಾಡುತ್ತೀ ಎಂದು ಅದು ಕೇಳುವುದೇ ಇಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಸಾವಿನ ಸುಮಾರು ಮೂರರಲ್ಲಿ ಎರಡು ಪಾಲು ಗ್ರಾಮೀಣ ಪ್ರದೇಶದಲ್ಲೇ. ಇಷ್ಟು ಹೆಣಗಳ ಮುಂದೆ ನಿಂತೂ ನಮ್ಮ ಆಡಳಿತಕ್ಕೆ ಹೊಳೆಯುವುದು ಸೈಲೆನ್ಸರ್ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೊ ಮಾತ್ರ.

‘ಕಲಿಸಿದರೆ ಕೊಬ್ಬು ಹೆಚ್ಚಿ ರಸ್ತೆಯಲ್ಲೇ ತೋರಿಸುತ್ತಾರೆ’ ಎಂಬುದು ಗಟ್ಟಿಯಾದ ಆಕ್ಷೇಪ. ಅದಕ್ಕೆ ಉತ್ತರ ನಮ್ಮೂರುಗಳ ಗರಡಿ ಮನೆಯಲ್ಲಿದೆ. ಹರೆಯದ ಹುಡುಗರ ಕಸುವನ್ನು ಹಿರಿಯರು ಬೈದು ಅಡಗಿಸಲಿಲ್ಲ. ಕೆಮ್ಮಣ್ಣು ಹಾಕಿ, ಉಸ್ತಾದನನ್ನು ಇಟ್ಟು, ಪಟ್ಟು ಕಲಿಸಿದರು. ಗರಡಿಯಲ್ಲಿ ಕಲಿತ ಪಟ್ಟನ್ನು ಸಂತೆಯಲ್ಲಿ ತೋರಿಸಿದವನಿಗೆ ಉಸ್ತಾದ ಮತ್ತೆ ಮಣ್ಣು ಮುಟ್ಟಲು ಬಿಡುತ್ತಿರಲಿಲ್ಲ. ಮೈದಾನ ಇದ್ದರೆ ಹೊರಹಾಕುವ ಭಯವಾದರೂ ಇರುತ್ತದೆ. ಮೈದಾನವೇ ಇಲ್ಲದಿದ್ದರೆ ಎಲ್ಲಿಂದ ಹೊರಹಾಕುತ್ತೀರಿ?

‘ಅಪಾಯದ ಆಟಕ್ಕೆ ಸರ್ಕಾರ ಬೆಂಬಲ ಕೊಡಬೇಕೆ’ ಎಂಬುದು ಇನ್ನೊಂದು. ಕಂಬಳ, ಎತ್ತಿನ ಬಂಡಿ ಓಟ ಉಳಿಸಲು ಇದೇ ಸರ್ಕಾರ 2017ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಪಾಯ ಇದೆ, ಆದರೆ ನಿಯಮ ಹಾಕಿ ಆಡಿಸೋಣ ಎಂಬ ನ್ಯಾಯ ಎತ್ತಿಗೆ ಸಿಕ್ಕಿದೆ. ಬೈಕಿಗೆ ಯಾಕಿಲ್ಲ?

ಬೇಕಾಗಿರುವುದು ಕೋಟಿಗಟ್ಟಲೆಯ ಕ್ರೀಡಾಂಗಣವಲ್ಲ. ಯಲಬುರ್ಗಾದಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಕುಕನೂರಿನಲ್ಲಿ ಸರ್ಕಾರಿ ಜಾಗ ಗುರುತಿಸುವ ಕೆಲಸ ಕಚೇರಿ ಕಚೇರಿಗೂ ನಡೆದೇ ಇದೆ. ಅದರಲ್ಲಿ ಊರಿಂದ ದೂರದ ಒಂದೆರಡು ಎಕರೆ ಮಸಾರಿ ನೆಲ ಇದಕ್ಕಿರಲಿ. ಜೆಸಿಬಿಯಲ್ಲಿ ಸಮ ಮಾಡಿ, ಕಲ್ಲು ಆರಿಸಿ, ಟ್ಯಾಂಕರಿನಲ್ಲಿ ನೀರು ಹೊಡೆದರೆ ಕಲಿಯುವ ಅಂಗಳ ಸಿದ್ಧ. ಠಾಣೆಗಳ ಹಿಂದೆ ತುಕ್ಕು ಹಿಡಿದು ಹರಾಜಿಗೆ ಬರುವ ಗಾಡಿಗಳಲ್ಲಿ ನಾಲ್ಕನ್ನು ಕೊಡಿ. 18 ದಾಟಿ ಲೈಸೆನ್ಸ್ ಇರುವವರಿಗಷ್ಟೇ ಪ್ರವೇಶ. ಹೆಲ್ಮೆಟ್, ಬೂಟು ಇಲ್ಲದವರಿಗೆ ಇಲ್ಲ. ಬಾಗಿಲಲ್ಲಿ ಆಂಬುಲೆನ್ಸ್ ಇಲ್ಲದ ದಿನ ಕಲಿಕೆಯೇ ಇಲ್ಲ. ರಸ್ತೆಯಲ್ಲಿ ಒಮ್ಮೆ ಸಿಕ್ಕಿಬಿದ್ದರೆ ಮೈದಾನ ಬಂದ್. ಹುಡುಗಿಯರೂ ಬರಲಿ, 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದ ಐಶ್ವರ್ಯ ಪಿಸ್ಸೆ ಕನ್ನಡ ನಾಡಿನವರೇ.

ಜಿಲ್ಲಾಡಳಿತ ಇದನ್ನು ಒಪ್ಪದೇ ಇರಬಹುದು. ಒಪ್ಪದಿದ್ದರೆ ಕಾರಣ ಹೇಳಲಿ. ಮುಂದಿನ ಸಲ ‘ಪುಂಡರಿಗೆ ಬಿಸಿ’ ಸುದ್ದಿಗೋಷ್ಠಿ ಕರೆದಾಗ ಎಷ್ಟು ಬೈಕ್ ಹಿಡಿದಿರಿ ಎಂಬ ಪ್ರಶ್ನೆಯ ಜತೆಗೆ ಇನ್ನೊಂದನ್ನೂ ಕೇಳೋಣ: ಸಾಹೇಬರೇ, ಇವರು ಕಲಿಯಲು ಈ ತಾಲ್ಲೂಕಿನಲ್ಲಿ ಎಲ್ಲಿ ಜಾಗ ಇಟ್ಟಿದ್ದೀರಿ?