ಜಾತ್ರೆಯ ತೊಟ್ಟಿಲು ಮತ್ತು ಅದರ ನಿಜವಾದ ಬೆಲೆ

ಎತ್ತು ಕೊಳ್ಳಲು ಹೋದ ರೈತನು ಮೊದಲು ಮಾಡುವ ಕೆಲಸವೆಂದರೆ ಅದರ ಬಾಯಿ ತೆರೆಸಿ ಹಲ್ಲು ನೋಡುವುದು. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ. ಅನಂತರ ಗೊರಸು ನೋಡುತ್ತಾನೆ, ಹೆಗಲು ತಡವುತ್ತಾನೆ, ಸುಳಿಯನ್ನು ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸುತ್ತಾನೆ. ಯಾರ ಮನೆಯಲ್ಲಿ ದುಡಿದ ಎತ್ತು, ಎಷ್ಟು ಬೇಸಾಯ ಕಂಡಿದೆ ಎಂದು ನಾಲ್ವರನ್ನು ವಿಚಾರಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ಬೆಲೆಯ ಮಾತು. ಅಜ್ಜಂಪುರದ ಅಮೃತಮಹಲ್ ರಾಸುಗಳನ್ನು ಕಂಡು ಬೆಳೆದ ನಮ್ಮ ಕಡೂರು ಸೀಮೆಯ ಜನಕ್ಕೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ.

ಆದರೆ ಅದೇ ರೈತನು ಜಾತ್ರೆಯ ದಿನ ತನ್ನ ಮಕ್ಕಳನ್ನು ಕರೆದುಕೊಂಡು ಬಂದು, ತೂಗಾಡುವ ಕೊಲಂಬಸ್ ದೋಣಿಯಲ್ಲಿಯೋ ಗಿರ್ರನೆ ತಿರುಗುವ ರಾಟೆ ತೊಟ್ಟಿಲಿನಲ್ಲಿಯೋ ಕೂರಿಸಿ, ಕೆಳಗೆ ನಿಂತು ನಗುತ್ತಾನೆ. ಆ ಯಂತ್ರದ ಹಲ್ಲನ್ನು ನೋಡಿದವರು ಯಾರು? ಅದು ಎಷ್ಟು ವರ್ಷದ್ದು, ಎಷ್ಟು ಜಾತ್ರೆಗಳನ್ನು ಕಂಡದ್ದು, ಅದರ ಅಚ್ಚನ್ನು ಕಡೆಯ ಸಲ ಬಿಚ್ಚಿ ನೋಡಿದುದು ಯಾವಾಗ? ಈ ಪ್ರಶ್ನೆಗಳನ್ನು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಕಡೂರು ತಾಲ್ಲೂಕಿನ ಯಗಟಿಯಲ್ಲಿ ಕುಳಿತು ಈ ಮಾತುಗಳನ್ನು ಬರೆಯುತ್ತಿರುವ ನಮಗೆ, ಇದು ಬರಿಯ ಎಚ್ಚರಿಕೆಯ ಪ್ರಶ್ನೆಯಾಗಿ ತೋರುವುದಿಲ್ಲ. ಲೆಕ್ಕದ ಪ್ರಶ್ನೆಯಾಗಿಯೂ ತೋರುತ್ತದೆ. ಮಿತವ್ಯಯದ ಹೆಸರಿನಲ್ಲಿ ನಾವು ಬಹಳ ದುಬಾರಿಯಾದುದನ್ನು ಆರಿಸಿಕೊಳ್ಳುತ್ತಿದ್ದೇವೆ ಎಂಬುದೇ ನಮ್ಮ ವಾದ.

ಆಟದ ಯಂತ್ರವೊಂದನ್ನು ಕೊಳ್ಳುವವನ ಮುಂದೆ ಸ್ಥೂಲವಾಗಿ ಮೂರು ದಾರಿಗಳಿವೆ. ವಿದೇಶದ ಹೆಸರಾಂತ ತಯಾರಕರಿಂದ ಹೊಸದನ್ನು ತರಿಸುವುದು ಒಂದು. ಸ್ವದೇಶದಲ್ಲಿ, ಸಾಧ್ಯವಾದರೆ ತನ್ನ ಕಾರ್ಖಾನೆಯಲ್ಲಿಯೇ, ತಯಾರಿಸಿಕೊಳ್ಳುವುದು ಇನ್ನೊಂದು. ಬೇರೊಬ್ಬರು ಬಳಸಿದ ಯಂತ್ರವನ್ನು ಕೊಳ್ಳುವುದು ಮೂರನೆಯದು. 2000ರಲ್ಲಿ ಕೊಚ್ಚಿಯಲ್ಲಿ ಮನರಂಜನಾ ಉದ್ಯಾನವನ್ನು ಆರಂಭಿಸಿ, 2005ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಬಳಿ ಎರಡನೆಯದನ್ನು ತೆರೆದ ವಂಡರ್‌ಲಾ ಸಂಸ್ಥೆಯು ಮೊದಲಿನ ಎರಡು ದಾರಿಗಳನ್ನೂ ಹಿಡಿದಿದೆ: ಕೆಲವು ಯಂತ್ರಗಳು ಹೊರದೇಶದವು, ಕೆಲವು ತನ್ನವರೇ ಕಟ್ಟಿದವು. ತಾನೇ ಕಟ್ಟಿದ ಯಂತ್ರದಲ್ಲಿ ಒಂದು ಲಾಭವಿದೆ. ಅದು ಕೆಟ್ಟಾಗ ಬಿಡಿಭಾಗಕ್ಕಾಗಿ ಸಮುದ್ರದಾಚೆಗೆ ಪತ್ರ ಬರೆದು ಕಾಯಬೇಕಾಗಿಲ್ಲ. ಊರೂರು ತಿರುಗುವ ಜಾತ್ರೆಯ ಆಟಗಾರನಾದರೋ ಬಹುಮಟ್ಟಿಗೆ ಮೂರನೆಯ ದಾರಿಯವನು.

ಯಾವ ದಾರಿ ಹಿಡಿದರೂ ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ, 'ಇದರ ಬೆಲೆ ಎಷ್ಟು?' ಎಂಬುದಲ್ಲ, 'ಗಂಟೆಗೆ ಎಷ್ಟು ಜನ ಆಡಬಹುದು?' ಎಂಬುದು. 1893ರಲ್ಲಿ ಷಿಕಾಗೊ ನಗರದ ಮಹಾಪ್ರದರ್ಶನದಲ್ಲಿ ಫೆರಿಸ್ ಎಂಬ ಇಂಜಿನಿಯರು ನಿಲ್ಲಿಸಿದ ಚಕ್ರವು ಸುಮಾರು 80 ಮೀಟರ್ ಎತ್ತರವಿದ್ದಿತು. 36 ತೊಟ್ಟಿಲುಗಳಲ್ಲಿ ತಲಾ 60 ಜನರಂತೆ ಏಕಕಾಲಕ್ಕೆ 2,160 ಜನರನ್ನು ಅದು ಹೊರಬಲ್ಲುದಾಗಿತ್ತು. ಪ್ರದರ್ಶನ ನಡೆದಷ್ಟು ಕಾಲವೂ ಅದು ಹಣವನ್ನು ಗಳಿಸಿತು. ಜನಸಂದಣಿ ಕರಗಿದ ಮೇಲೆ ಅದನ್ನು ಬಿಚ್ಚಿ ಬೇರೆಡೆ ನಿಲ್ಲಿಸಿದರು, ನಷ್ಟವಾಯಿತು. 1904ರಲ್ಲಿ ಸೇಂಟ್ ಲೂಯಿ ಪ್ರದರ್ಶನದಲ್ಲಿ ಮತ್ತೆ ತಿರುಗಿಸಿದರು. 1906ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಯಂತ್ರ ಒಂದೇ; ಲಾಭನಷ್ಟಗಳನ್ನು ನಿರ್ಣಯಿಸಿದುದು ಅದರ ಮುಂದೆ ನಿಂತ ಸಾಲು.

ಈಗ ನಮ್ಮ ಕೊಲಂಬಸ್ ದೋಣಿಗೆ ಬರೋಣ. ಒಂದು ದೋಣಿಯಲ್ಲಿ 40 ಜನ, ಆಟಕ್ಕೆ 3 ನಿಮಿಷ, ಹತ್ತಿ ಇಳಿಯಲು 3 ನಿಮಿಷ ಎಂದು ಇಟ್ಟುಕೊಂಡರೆ ಗಂಟೆಗೆ 10 ಆಟ, 400 ಜನ. ಸರಾಸರಿ ಅರ್ಧದಷ್ಟು ಆಸನಗಳು ತುಂಬುವುವೆಂದರೆ 200 ಜನ. ದಿನಕ್ಕೆ 8 ಗಂಟೆ ನಡೆದರೆ 1,600 ಜನ. ಇಂತಹ ಎರಡು ದೋಣಿಗಳು ಮಾರಾಟಕ್ಕಿವೆಯೆಂದು ಭಾವಿಸಿ, ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಇಲ್ಲಿಯ ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು.

ಹೊಸ ದೋಣಿಗೆ 1 ಕೋಟಿ 20 ಲಕ್ಷ ರೂಪಾಯಿ, ಬಾಳಿಕೆ 20 ವರ್ಷ. ವರ್ಷಕ್ಕೆ 6 ಲಕ್ಷ ಸವೆಯುತ್ತದೆ. ದುರಸ್ತಿಗೆ 4 ಲಕ್ಷ. ಬಡ್ಡಿ ಸರಾಸರಿ 6 ಲಕ್ಷ. ಒಟ್ಟು 16 ಲಕ್ಷ. ಹಳೆಯ ದೋಣಿಗೆ 40 ಲಕ್ಷ. ಅದರ ಚರಿತ್ರೆ ತಿಳಿಯದುದರಿಂದ ಇನ್ನು 5 ವರ್ಷ ಬಾಳೀತೆಂದು ಎಣಿಸಬೇಕು. ವರ್ಷಕ್ಕೆ 8 ಲಕ್ಷ ಸವೆತ. ದುರಸ್ತಿಗೆ 6 ಲಕ್ಷ, ಬಡ್ಡಿ 2 ಲಕ್ಷ. ಇದರ ಮೊತ್ತವೂ 16 ಲಕ್ಷವೇ! ಕೂಲಿ, ವಿದ್ಯುತ್ತು ಎರಡಕ್ಕೂ ಸಮಾನವಾದುದರಿಂದ ಅವನ್ನು ಬಿಟ್ಟಿದ್ದೇವೆ. ಆದರೆ ವರ್ಷದ 300 ದಿನಗಳಲ್ಲಿ ಹೊಸದು 15 ದಿನ ಕೆಟ್ಟು ನಿಂತರೆ ಹಳೆಯದು 60 ದಿನ ನಿಲ್ಲುತ್ತದೆ. ಆದುದರಿಂದ ಹೊಸದು 4,56,000 ಜನರನ್ನು ಆಡಿಸಿದರೆ ಹಳೆಯದು ಆಡಿಸುವುದು 3,84,000 ಜನರನ್ನು. ತಲೆಗೆ ತಗಲುವ ವೆಚ್ಚ ಹೊಸದರಲ್ಲಿ 3 ರೂಪಾಯಿ 51 ಪೈಸೆ, ಹಳೆಯದರಲ್ಲಿ 4 ರೂಪಾಯಿ 17 ಪೈಸೆ. ಮೂರನೆಯ ಒಂದು ಪಾಲು ಬೆಲೆಗೆ ಸಿಕ್ಕಿದ್ದೇ ದುಬಾರಿಯಾಯಿತು.

ಹಾಗಾದರೆ ಬಳಸಿದ ಯಂತ್ರವನ್ನು ಕೊಳ್ಳಲೇಬಾರದೆ? ಹಾಗೆಂದು ನಾವು ಹೇಳುವುದಿಲ್ಲ. ಆ ಹಳೆಯ ದೋಣಿಯ ಜೊತೆಗೆ ಅದರ ದಿನಚರಿಯ ಪುಸ್ತಕವೂ ಬಂದಿತೆನ್ನಿ. ಎಷ್ಟು ಗಂಟೆ ನಡೆಯಿತು, ಯಾವ ಬೋಲ್ಟನ್ನು ಯಾವಾಗ ಬದಲಿಸಿದರು, ಅಚ್ಚನ್ನು ಯಾವ ದಿನ ಪರೀಕ್ಷಿಸಿದರು ಎಂಬುದೆಲ್ಲ ಅದರಲ್ಲಿ ಬರೆದಿದೆ. ಅದನ್ನು ಓದಿದ ಇಂಜಿನಿಯರು ಯಂತ್ರವನ್ನು ಪರೀಕ್ಷಿಸಿ, ಇನ್ನು 10 ವರ್ಷ ನಿಶ್ಚಿಂತೆಯಾಗಿ ನಡೆಯುತ್ತದೆ ಎನ್ನುತ್ತಾನೆ. ಆಗ ಸವೆತ 4 ಲಕ್ಷಕ್ಕೆ ಇಳಿಯಿತು. ವರ್ಷದ ವೆಚ್ಚ 12 ಲಕ್ಷವಾಯಿತು. ಕೆಟ್ಟು ನಿಲ್ಲುವ ದಿನಗಳೂ ಹೊಸದರಷ್ಟೇ ಆದರೆ ತಲೆಗೆ 2 ರೂಪಾಯಿ 63 ಪೈಸೆ! ಎಲ್ಲಕ್ಕಿಂತ ಅಗ್ಗವಾದುದು ಚರಿತ್ರೆ ತಿಳಿದ ಹಳೆಯ ಯಂತ್ರ. ಕೊಟ್ಟ ಬೆಲೆ ಒಂದೇ. ವ್ಯತ್ಯಾಸ ಬಂದುದು ಆ ಪುಸ್ತಕದಿಂದ.

ಪುಸ್ತಕಕ್ಕೆ ಇಷ್ಟು ಮಹತ್ವವೇಕೆ ಎಂಬುದಕ್ಕೆ ಭೌತವಿಜ್ಞಾನವೇ ಉತ್ತರ ಹೇಳುತ್ತದೆ. ಕೊಲಂಬಸ್ ದೋಣಿ ಒಂದು ದೊಡ್ಡ ಲೋಲಕ. ಉದ್ದ 12 ಮೀಟರ್ ಎಂದರೆ ಅದರ ಆವರ್ತಕಾಲ ಸುಮಾರು 7 ಸೆಕೆಂಡು. ದೋಣಿಯ ತಳಕ್ಕೆ ತಗಲುವ ರಬ್ಬರಿನ ಚಕ್ರವು ಪ್ರತಿ ತೂಗಿನಲ್ಲಿಯೂ ಸ್ವಲ್ಪ ಸ್ವಲ್ಪವಾಗಿ ನೂಕುತ್ತದೆ. ಉಯ್ಯಾಲೆಯ ಮಗುವನ್ನು ಅಜ್ಜಿ ತಕ್ಕ ಸಮಯಕ್ಕೆ ನೂಕುವಂತೆ. ದೋಣಿ 60 ಡಿಗ್ರಿಯವರೆಗೆ ಏರಿದರೆ, ತುದಿಯಲ್ಲಿ ತೋಳಿನ ಮೇಲೆ ಬೀಳುವ ಸೆಳೆತ ಭಾರದ ಅರ್ಧದಷ್ಟು. ತಳವನ್ನು ಹಾದುಹೋಗುವಾಗ ಭಾರದ ಎರಡರಷ್ಟು. ಹೀಗೆ ಅರ್ಧಕ್ಕೂ ಎರಡಕ್ಕೂ ನಡುವೆ ತೋಳು ಒಂದೇ ಸಮನೆ ಹಿಗ್ಗುತ್ತದೆ, ಸಡಿಲುತ್ತದೆ. ಒಂದು ಆಟದಲ್ಲಿ 40 ಸಲ ತಳವನ್ನು ಹಾದರೆ, ದಿನಕ್ಕೆ 80 ಆಟ, ವರ್ಷಕ್ಕೆ 300 ದಿನ. ಗುಣಿಸಿ ನೋಡಿ: 9,60,000 ಸಲ!

ತಂತಿಯನ್ನು ಒಂದೇ ಕಡೆ ಹಲವು ಸಲ ಬಾಗಿಸಿ ಮುರಿಯುವುದನ್ನು ಮಕ್ಕಳೂ ಬಲ್ಲರು. ಒಂದೇ ಸಲದ ಎಳೆತಕ್ಕೆ ಮುರಿಯದ ಲೋಹ ಲಕ್ಷಾಂತರ ಸಣ್ಣ ಎಳೆತಗಳಿಗೆ ಸೋಲುತ್ತದೆ. ಇದಕ್ಕೆ ಲೋಹದ ಆಯಾಸವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೋಲರ್ ಎಂಬಾತನು ರೈಲುಗಾಡಿಯ ಅಚ್ಚುಗಳು ಮುರಿಯುವ ಕಾರಣವನ್ನು ಹುಡುಕುತ್ತ ಈ ವಿಷಯದಲ್ಲಿ ಕ್ರಮಬದ್ಧ ಪ್ರಯೋಗಗಳನ್ನು ನಡೆಸಿದನು. ಇಂದಿಗೂ ಬೆಸುಗೆ ಹಾಕಿದ ಉಕ್ಕಿನ ಆಯಾಸಬಲವನ್ನು ಇಂಜಿನಿಯರರು 20 ಲಕ್ಷ ಆವರ್ತಗಳಿಗೆ ಲೆಕ್ಕಹಾಕಿ ಹೇಳುವುದು ವಾಡಿಕೆ. ನಮ್ಮ ದೋಣಿ ಆ ಸಂಖ್ಯೆಯನ್ನು ಎರಡು ವರ್ಷ ಕಳೆದ ಸ್ವಲ್ಪ ಕಾಲದಲ್ಲಿಯೇ ಮುಟ್ಟುತ್ತದೆ. ಒಳ್ಳೆಯ ತಯಾರಕನು ತೋಳನ್ನು ದಪ್ಪವಾಗಿಸಿ ಎಳೆತವನ್ನು ಕಡಮೆಮಾಡುವುದರಿಂದ ಯಂತ್ರ ಅದನ್ನು ದಾಟಿ ಬಹುಕಾಲ ಬಾಳುತ್ತದೆ, ನಿಜ. ಆದರೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿದ್ದರೆ, ಅದು ಪ್ರತಿ ತೂಗಿಗೂ ಬೆಳೆಯುತ್ತಿರುತ್ತದೆ. ಮೇಲಿನ ಬಣ್ಣವು ಅದನ್ನು ಮುಚ್ಚಿಡುತ್ತದೆ. ಹೊಸ ಬಣ್ಣ ಬಳಿದ ಹಳೆಯ ಯಂತ್ರವನ್ನು ನೋಡಿ ಮೆಚ್ಚುವುದು, ಕೊಂಬಿಗೆ ಎಣ್ಣೆ ಸವರಿದ ಮುದಿ ಎತ್ತನ್ನು ನೋಡಿ ಮೆಚ್ಚಿದಂತೆ.

ಇದು ಕಲ್ಪನೆಯ ಭಯವಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ ಲೋಲಕದಂತೆ ತೂಗುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಮಡಿದರು; 25ಕ್ಕೂ ಹೆಚ್ಚು ಜನ ಗಾಯಗೊಂಡರು. 2022ರ ಸೆಪ್ಟೆಂಬರ್ 4ರಂದು ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಎತ್ತರಕ್ಕೆ ಏರಿ ಇಳಿಯುವ ಯಂತ್ರವು ಜನರಸಹಿತ ನೆಲಕ್ಕೆ ಅಪ್ಪಳಿಸಿ ಹಲವರನ್ನು ಗಾಯಗೊಳಿಸಿತು. ಅಲ್ಲಿಗೆ ಹೋದವರೂ ನಮ್ಮ ಹಾಗೆಯೇ ಮಕ್ಕಳನ್ನು ಕರೆದುಕೊಂಡು ರಜೆಯ ಸಂತೋಷಕ್ಕಾಗಿ ಹೋದವರು.

ಇನ್ನು ನಮ್ಮ ಮುಖ್ಯವಾದ ಆಕ್ಷೇಪಣೆಯನ್ನು ಹೇಳಬೇಕು. ಜಾತ್ರೆಯ ಮೈದಾನವನ್ನು ಆಟದ ಯಂತ್ರಗಳಿಗೆ ಕೊಡುವಾಗ ಹಲವೆಡೆ ನಡೆಯುವುದು ಹರಾಜು. ಹೆಚ್ಚು ಕೂಗಿದವನಿಗೆ ಮೈದಾನ. ಐದು ದಿನದ ಜಾತ್ರೆಗೆ ಹರಾಜು 2 ಲಕ್ಷದಿಂದ 4 ಲಕ್ಷಕ್ಕೆ ಏರಿತೆನ್ನಿ. ಟಿಕೆಟ್ಟಿಗೆ 50 ರೂಪಾಯಿ ಎಂದರೆ ಆ ಹೆಚ್ಚಿನ 2 ಲಕ್ಷಕ್ಕಾಗಿ 4,000 ಜನ, ಅಂದರೆ ದಿನಕ್ಕೆ 800 ಜನ ಹೆಚ್ಚಾಗಿ ಆಡಬೇಕು. ಜನ ಸೇರುವುದು ಸಂಜೆಯ ನಾಲ್ಕೈದು ಗಂಟೆಗಳಲ್ಲಿ. ಆಟಗಾರನು ಏನು ಮಾಡಿಯಾನು? ಹೆಚ್ಚು ಜನರನ್ನು ತುಂಬುತ್ತಾನೆ, ಯಂತ್ರವನ್ನು ಬೇಗ ಬೇಗ ತಿರುಗಿಸುತ್ತಾನೆ, ಬೆಳಗಿನ ಪರಿಶೀಲನೆಯನ್ನು ಬಿಡುತ್ತಾನೆ. ತಿರುಗುವ ಯಂತ್ರದ ವೇಗವನ್ನು ನೂರಕ್ಕೆ 20ರಷ್ಟು ಹೆಚ್ಚಿಸಿದರೆ, ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಬೆಸುಗೆಯ ಆಯುಷ್ಯವಾದರೋ ಸುಮಾರಾಗಿ ಬಲದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ, 1.44ರ ಘನ ಹೆಚ್ಚುಕಡಮೆ 3. ಎಂದರೆ ಆಯುಷ್ಯ ಮೂರನೆಯ ಒಂದು ಭಾಗಕ್ಕೆ ಇಳಿಯಿತು! ಹರಾಜಿನಲ್ಲಿ ಊರಿಗೆ ಬಂದ ಹಣವು ಯಂತ್ರದ ಆಯುಷ್ಯದಿಂದ ಕಿತ್ತುಕೊಂಡ ಹಣ. ಆಟಗಾರನೊಬ್ಬನನ್ನೇ ಇಲ್ಲಿ ದೂರುವುದು ನ್ಯಾಯವಲ್ಲ. ಅವನ ಹೆಂಡತಿ ಮಕ್ಕಳೂ ಅದೇ ಯಂತ್ರದ ನೆರಳಿನಲ್ಲಿ ಮಲಗುವವರು.

ಆದುದರಿಂದ ನಮ್ಮ ಸೂಚನೆ ಇಷ್ಟು. ಮೈದಾನದ ಬಾಡಿಗೆಯನ್ನು ಗ್ರಾಮ ಪಂಚಾಯಿತಿಯಾಗಲಿ ಜಾತ್ರೆಯ ಸಮಿತಿಯಾಗಲಿ ಮೊದಲೇ ಗೊತ್ತುಮಾಡಲಿ. ಸ್ಪರ್ಧೆಯು ಹಣದಲ್ಲಿ ನಡೆಯದೆ ಯಂತ್ರದ ಯೋಗ್ಯತೆಯಲ್ಲಿ ನಡೆಯಲಿ. ದಿನಚರಿಯ ಪುಸ್ತಕ ತಂದವನಿಗೆ ಮೊದಲ ಮನ್ನಣೆ. ಜನ ಹತ್ತುವ ಮೊದಲು ಮರಳಿನ ಚೀಲಗಳನ್ನು ಆಸನಗಳಲ್ಲಿಟ್ಟು ಯಂತ್ರವನ್ನು ನಡೆಯಿಸಿ ತೋರಿಸಬೇಕು. ಅಚ್ಚು ಬೆಸುಗೆಗಳನ್ನು ಪರೀಕ್ಷಿಸಲು ಚಿಕ್ಕಮಗಳೂರಿನಂತಹ ಪಟ್ಟಣದ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರನ್ನು ಕರೆಯಬಹುದು. ಮೇಲ್ಮೈಯ ಬಿರುಕನ್ನು ಕಂಡುಹಿಡಿಯುವುದು ಬಹಳ ವೆಚ್ಚದ ಕೆಲಸವಲ್ಲ: ಬಣ್ಣ ಕೆರೆದು, ಕೆಂಪು ದ್ರವವನ್ನು ಸವರಿ, ಒರೆಸಿ, ಬಿಳಿಯ ಪುಡಿಯನ್ನು ಹಾಕಿದರೆ, ಬಿರುಕಿನೊಳಗೆ ಸೇರಿದ ದ್ರವವು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲೆ ಬಂದು ಕೆಂಪು ಗೆರೆಯಾಗಿ ಕಾಣುತ್ತದೆ. ಇಂತಹ ಯಂತ್ರಗಳ ತಯಾರಿಕೆ, ಬಳಕೆ, ಪರಿಶೀಲನೆ ಮೂರಕ್ಕೂ ಐ.ಎಸ್.ಒ. 17842 ಎಂಬ ಅಂತರರಾಷ್ಟ್ರೀಯ ಮಾನಕವು 2015ರಿಂದ ಇದೆ. ನಿಯಮಗಳನ್ನು ನಾವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಇರುವುದನ್ನು ಕೇಳಿದರೆ ಸಾಕು.

ಇದರಿಂದ ಊರಿನ ಆದಾಯ ಕಡಮೆಯಾಗುವುದೆಂದು ಹಿರಿಯರು ಹೇಳಬಹುದು. ಕಡಮೆಯಾಗುವುದು ದಿಟ, ಆ ಹಣದಿಂದಲೇ ರಸ್ತೆಗೆ ನೀರು ಹಾಕಿಸುವುದು, ದೀಪ ಹಚ್ಚಿಸುವುದು ನಡೆಯುತ್ತದೆ ಎಂಬುದನ್ನೂ ನಾವು ಬಲ್ಲೆವು. ಆದರೆ ಚೆನ್ನಾಗಿ ನೋಡಿಕೊಂಡ ಯಂತ್ರವನ್ನು ಇಟ್ಟುಕೊಂಡವನಿಗೆ ಹರಾಜಿನಲ್ಲಿ ಸೋಲು, ನೋಡಿಕೊಳ್ಳದವನಿಗೆ ಗೆಲುವು ಎಂದಾದರೆ, ವರ್ಷ ವರ್ಷಕ್ಕೂ ನಮ್ಮ ಊರಿಗೆ ಬರುವುದು ಎಂತಹ ಯಂತ್ರ ಎಂಬುದನ್ನು ಅವರೇ ಯೋಚಿಸಲಿ.

ನಮ್ಮ ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಒಪ್ಪಿಸಿ ಮುಗಿಸುತ್ತೇವೆ. ಮುಂದಿನ ಜಾತ್ರೆಯಲ್ಲಿ ಟಿಕೆಟ್ಟು ಕೊಳ್ಳುವ ಮೊದಲು ಹತ್ತು ನಿಮಿಷ ಕೆಳಗೆ ನಿಂತು ನೋಡಿ. ಗಡಿಯಾರ ಹಿಡಿದು ತೂಗುಗಳನ್ನು ಎಣಿಸಿ, ಆವರ್ತಕಾಲದಿಂದ ಲೋಲಕದ ಉದ್ದವನ್ನು ಅಂದಾಜುಮಾಡಿ. ಸಂಜೆ ಏಳಕ್ಕೆ ಇದ್ದ ವೇಗವೇ ಒಂಬತ್ತಕ್ಕೂ ಇದೆಯೇ ಎಂದು ಪರೀಕ್ಷಿಸಿ. ಆಸನದ ಸರಳನ್ನು ಪ್ರತಿ ಸಲವೂ ಎಳೆದು ನೋಡುತ್ತಾರೆಯೇ ಎಂದು ಗಮನಿಸಿ. ಆಮೇಲೆ ಯಂತ್ರದವನ ಬಳಿಗೆ ಹೋಗಿ, 'ಅಣ್ಣಾ, ಇದರ ಪುಸ್ತಕ ಎಲ್ಲಿ?' ಎಂದು ಮರ್ಯಾದೆಯಿಂದ ಕೇಳಿ. ಈ ವರ್ಷ ಅವನು ನಕ್ಕುಬಿಡಬಹುದು. ಊರೂರಿನಲ್ಲಿಯೂ ಯಾರಾದರೊಬ್ಬರು ಕೇಳುವುದಾದರೆ, ಮುಂದಿನ ಯಂತ್ರವನ್ನು ಕೊಳ್ಳಲು ಹೋದಾಗ ಅವನೂ ಅದೇ ಪ್ರಶ್ನೆಯನ್ನು ಮಾರುವವನಿಗೆ ಕೇಳುವನು.